ಕ್ಯಾಮೆರಾ ಯಾರ ಪರವಾಗಿ ನೋಡುತ್ತಿದೆ?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಯೋಗಶೀಲ ಕನ್ನಡ ಚಿತ್ರಗಳ ಕುರಿತು ಬರುತ್ತಿರುವ ಬರಹಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಹೊಸ ನಿರ್ದೇಶಕರನ್ನು ಗುರುತಿಸಿ ಬೆನ್ನು ತಟ್ಟುವ ಕೆಲಸ ಆಗಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಬರಹಗಳಲ್ಲಿ ಮೇಲಿಂದ ಮೇಲೆ ಕಾಣಿಸುವ ಒಂದು ಧೋರಣೆಗೆ ನನ್ನ ತಕರಾರಿದೆ. ಚಿತ್ರದ ಕಥೆ ತಿಳಿಯಲಿಲ್ಲ ಎಂದವರನ್ನು ಕಥೆಗೆ ಜೋತುಬಿದ್ದ ಹಳೆಯ ಕಾಲದ ಪ್ರೇಕ್ಷಕರೆಂದು ಬದಿಗೆ ಸರಿಸಿ, ಕ್ಯಾಮೆರಾ ನಿಲ್ಲಿಸದೆ ಒಂದೇ ಟೇಕಿನಲ್ಲಿ ತೆಗೆದ ದೃಶ್ಯ, ಹಿಂದುಮುಂದಾದ ಕಾಲಕ್ರಮ, ಅಲ್ಲಲ್ಲಿ ಕಪ್ಪು ಬಿಳುಪು, ಅಲುಗಾಡುವ ಕ್ಯಾಮೆರಾ ಇವೆಲ್ಲ ಚಿತ್ರದಲ್ಲಿ ಇವೆ ಎಂಬುದನ್ನೇ ಅದರ ಹಿರಿಮೆಯೆಂದು ಎಣಿಸುವ ಧೋರಣೆ ಅದು. ಇಂಥ ಬರಹ ಓದಿ ಚಿತ್ರಮಂದಿರಕ್ಕೆ ಹೋದವರು ನಿರಾಶರಾಗಿ ಬಂದರೆ ತಪ್ಪು ಅವರದೇ ಎಂಬಂತಾಗಿದೆ. ತಂತ್ರವೊಂದು ಕಥೆಯನ್ನು ನುಂಗಿಹಾಕಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ತೋಚಿರುವ ಪರೀಕ್ಷೆ ಒಂದೇ: ಈ ಹೊತ್ತಿನಲ್ಲಿ ಕ್ಯಾಮೆರಾ ಕಥೆಯೊಳಗಿನ ಯಾರ ಪರವಾಗಿ ನೋಡುತ್ತಿದೆ? ಉತ್ತರ ಸಿಕ್ಕಿದರೆ ತಂತ್ರ ಎಷ್ಟು ವಿಚಿತ್ರವಾಗಿದ್ದರೂ ನಡೆದೀತು. ನಿರ್ದೇಶಕರ ಪರವಾಗಿ ಮಾತ್ರ ಎಂಬ ಉತ್ತರವೇ ಮತ್ತೆ ಮತ್ತೆ ಬಂದರೆ ಅಲ್ಲಿ ಕಥೆ ಸೋತಿದೆ ಎಂದೇ ಅರ್ಥ.

ಈಚೆಗೆ ನಮ್ಮ ಜಿಲ್ಲೆಯಲ್ಲಿಯೇ ಚಿತ್ರೀಕರಿಸಿದ ಒಂದು ಚಿತ್ರವನ್ನು ನೋಡಿದೆ. ಹೆಸರು ಇಲ್ಲಿ ಬೇಡ, ಏಕೆಂದರೆ ದೋಷ ಅದೊಂದರದ್ದೇ ಅಲ್ಲ. ತೋಟದ ಮನೆಯಲ್ಲಿ ನಡೆದ ಒಂದು ಸಾವು, ಅದರ ಹಿಂದಿನ ಆಸ್ತಿಯ ವ್ಯಾಜ್ಯ, ಮಾತು ಬಿಟ್ಟ ಅಣ್ಣ ತಮ್ಮಂದಿರು, ಹೀಗೆ ಗಟ್ಟಿ ಕಥೆಗೆ ಬೇಕಾದದ್ದೆಲ್ಲ ಅಲ್ಲಿತ್ತು. ಆದರೆ ಚಿತ್ರ ಆರಂಭವಾಗುವುದು ಡ್ರೋನ್ ಹಾರಾಟದಿಂದ, ಮತ್ತು ಪ್ರತಿ ಅಧ್ಯಾಯದ ನಡುವೆಯೂ ಆ ಡ್ರೋನ್ ಮಂಜಿನ ಮೇಲೆ ಒಂದು ಸುತ್ತು ಹೊಡೆದು ಬರುತ್ತದೆ. ಕೊಡಗಿನ ಕಾಫಿ ತೋಟ ನೆರಳಿನ ತೋಟ. ಸಿಲ್ವರ್ ಓಕ್, ಹಾಲವಾಣ, ಅತ್ತಿ, ಹಲಸಿನ ಮರಗಳ ಕೆಳಗೆ ಕಾಫಿ ಗಿಡ ಬೆಳೆಯುತ್ತದೆ; ಆಕಾಶದಿಂದ ನೋಡಿದವರಿಗೆ ಕಾಣುವುದು ಮರಗಳ ನೆತ್ತಿಯೇ ಹೊರತು ಕಾಫಿಯಲ್ಲ. ತೋಟದೊಳಗೆ ನಿಂತವರ ನೋಟವಾದರೋ ನಾಲ್ಕಾರು ಸಾಲು ಗಿಡಗಳಾಚೆ ಹೋಗುವುದಿಲ್ಲ. ಮಾತು ಕೇಳಿಸುತ್ತದೆ, ಆಡಿದವರು ಕಾಣಿಸುವುದಿಲ್ಲ. ಒಣಗಿದ ಎಲೆಯ ಮೇಲೆ ಹೆಜ್ಜೆಯ ಸದ್ದಾಗುತ್ತದೆ, ಬಂದದ್ದು ಯಾರು ಎಂದು ತಿಳಿಯಲು ಕಾಯಬೇಕಾಗುತ್ತದೆ. ಅನುಮಾನವೇ ಜೀವಾಳವಾಗಿದ್ದ ಆ ಕಥೆಗೆ ಇದಕ್ಕಿಂತ ಒಪ್ಪುವ ನೋಟ ಇನ್ನೊಂದಿರಲಿಲ್ಲ, ಮತ್ತು ಅದು ಚಿತ್ರತಂಡಕ್ಕೆ ಖರ್ಚಿಲ್ಲದೆ ಸಿಗುತ್ತಿತ್ತು. ಅದನ್ನು ಬಿಟ್ಟು ಕ್ಯಾಮೆರಾ ಮೇಲೇರಿದ ಕೂಡಲೇ ತೋಟದಲ್ಲಿ ಗುಟ್ಟು ಎಂಬುದೇ ಉಳಿಯಲಿಲ್ಲ. ಉಳಿದದ್ದು ಪ್ರವಾಸೋದ್ಯಮದ ಜಾಹೀರಾತಿನ ಚೆಲುವು. ಹೆಣವನ್ನು ಮೊದಲು ಕಂಡವಳು ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಗಳ ಸಾಲು ಮನೆಯಲ್ಲಿ, ವಾಸಿಸುವ ಹೆಂಗಸು. ಆಕೆ ಎಲ್ಲಿಂದ ಬಂದಳು, ಲೈನ್ ಮನೆಗೂ ದೊಡ್ಡ ಮನೆಗೂ ಎಷ್ಟು ದೂರ, ಕೂಗಿದರೆ ಕೇಳಿಸುತ್ತಿತ್ತೇ ಎಂಬುದು ಕಥೆಗೆ ಪ್ರಾಣದಂಥ ವಿವರ. ಇಡೀ ಬೆಟ್ಟವನ್ನೇ ತೋರಿಸಿದ ಚಿತ್ರ ಆ ದೂರವನ್ನು ಕೊನೆಯವರೆಗೂ ತೋರಿಸಲಿಲ್ಲ.

ಅಧ್ಯಾಯಗಳ ಕ್ರಮವೂ ಹಿಂದುಮುಂದಾಗಿತ್ತು. ಹೊರಗೆ ಬರುವಾಗ ಜನ ಚರ್ಚಿಸುತ್ತಿದ್ದದ್ದು ಕಥೆಯ ತಮ್ಮನಾದವನು ಪೇಟೆಗೆ ಹೋದದ್ದು ಸಾವಿಗೆ ಮುಂಚೆಯೋ ಅನಂತರವೋ ಎಂಬುದನ್ನು. ಅಣ್ಣನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನಲ್ಲ. ಕಾಲವನ್ನು ಕಲಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1998ರಲ್ಲಿಯೇ ಉಪೇಂದ್ರ ಅವರ ‘ಎ’ ಚಿತ್ರ ಕಾಲಕ್ರಮವನ್ನು ಬುಡಮೇಲು ಮಾಡಿಯೂ ಜನಪ್ರಿಯವಾಯಿತು. ಕನ್ನಡದ ಸಾಮಾನ್ಯ ಪ್ರೇಕ್ಷಕರಿಗೆ ನೇರವಾದ ಕಥೆ ಬಿಟ್ಟರೆ ಬೇರೇನೂ ದಕ್ಕದು ಎನ್ನುವವರು ಇದನ್ನು ನೆನಪಿಡಬೇಕು. 2014ರ ‘ಉಳಿದವರು ಕಂಡಂತೆ’ ಚಿತ್ರದಲ್ಲಿ ರಕ್ಷಿತ್ ಶೆಟ್ಟಿ ಅವರು ಮಲ್ಪೆಯ ಕಡಲತೀರದ ಒಂದು ಘಟನೆಯನ್ನು ಹಲವರ ಬಾಯಲ್ಲಿ ಹೇಳಿಸಿದರು. ಅಲ್ಲಿ ಕ್ರಮ ಒಡೆದದ್ದಕ್ಕೆ ಕಾರಣ ಕಥೆಯೊಳಗೇ ಇದೆ: ಹೇಳುವ ಒಬ್ಬೊಬ್ಬರಿಗೂ ಗೊತ್ತಿರುವುದು ಒಂದೊಂದು ತುಣುಕು ಮಾತ್ರ. ನಾನು ನೋಡಿದ ಚಿತ್ರದಲ್ಲಿ ಕ್ರಮ ಒಡೆಯಲು ಅಂಥ ಯಾವ ನಿರೂಪಕರೂ ಇರಲಿಲ್ಲ. ಸಂಕಲನದ ಮೇಜಿನ ಮೇಲೆ ಅಧ್ಯಾಯಗಳನ್ನು ಕಲಸಿ ಇಟ್ಟಿದ್ದರು, ಅಷ್ಟೇ.

ಈ ತೊಡಕು ಇಂದಿನದೂ ಅಲ್ಲ, ನಮ್ಮೊಬ್ಬರದೂ ಅಲ್ಲ. 1947ರಲ್ಲಿ ತೆರೆಕಂಡ ಅಮೆರಿಕದ ಪತ್ತೇದಾರಿ ಚಿತ್ರ ‘ಲೇಡಿ ಇನ್ ದ ಲೇಕ್’ನಲ್ಲಿ, ನಿರ್ದೇಶಕರೂ ನಾಯಕರೂ ಆಗಿದ್ದ ರಾಬರ್ಟ್ ಮಾಂಟ್ಗೊಮೆರಿ ಅವರು ಬಹುತೇಕ ಇಡೀ ಚಿತ್ರವನ್ನು ಪತ್ತೇದಾರನ ಕಣ್ಣಿನಿಂದಲೇ ತೋರಿಸಿದರು. ಹೊಡೆತ ಬಂದರೆ ಕ್ಯಾಮೆರಾಕ್ಕೆ ಬರುತ್ತದೆ, ಮುತ್ತು ಕೊಡಲು ಬಂದ ಹೆಣ್ಣು ಕ್ಯಾಮೆರಾದ ಕಡೆಗೇ ಬಾಗುತ್ತಾಳೆ, ಪತ್ತೇದಾರನ ಮುಖ ಕಾಣಬೇಕಾದರೆ ಕನ್ನಡಿ ಎದುರಾಗಬೇಕು. ನನ್ನ ಪರೀಕ್ಷೆಯ ಪ್ರಕಾರ ಇಲ್ಲಿ ಕ್ಯಾಮೆರಾ ಪಾತ್ರದ ಪರವಾಗಿಯೇ ನೋಡುತ್ತಿದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಮೂಕಿ ಚಿತ್ರಗಳ ಕಾಲದಲ್ಲಿಯೇ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಕೊಟ್ಟಿದ್ದರು. ನಟನೊಬ್ಬನ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ತಟ್ಟೆಯ ಪಕ್ಕಕ್ಕೆ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೆ ಜೋಡಿಸಿದಾಗ, ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಕಂಡರು. ಅಂದರೆ ಪಾತ್ರದ ಮನಸ್ಸು ನಮಗೆ ತಿಳಿಯುವುದು ಆತ ಏನನ್ನು ನೋಡಿದ ಎಂಬುದರಿಂದ ಮಾತ್ರವಲ್ಲ, ನೋಡುವಾಗ ಅವನ ಮುಖ ಹೇಗಿತ್ತು ಎಂಬುದೂ ಅದಕ್ಕೆ ಸೇರಬೇಕು. ಮುಖವನ್ನೇ ಕಿತ್ತುಕೊಂಡ ಮಾಂಟ್ಗೊಮೆರಿ ಪ್ರೇಕ್ಷಕರಿಗೆ ಪತ್ತೇದಾರನ ಕಣ್ಣು ಕೊಟ್ಟರು, ಅವನ ಮನಸ್ಸನ್ನು ಕೊಡಲಾಗಲಿಲ್ಲ. ಪಾತ್ರದ ಪರವಾಗಿ ನೋಡುವುದೆಂದರೆ ಪಾತ್ರದ ಹಣೆಗೆ ಕ್ಯಾಮೆರಾ ಕಟ್ಟುವುದಲ್ಲ.

ಒಂದೇ ಟೇಕಿನ ಮೋಹದ ಬಗ್ಗೆಯೂ ಹೇಳಬೇಕಾದದ್ದಿದೆ, ಏಕೆಂದರೆ ತಮ್ಮ ಪುರವಣಿಯ ವಿಮರ್ಶಕರು ಅತಿ ಹೆಚ್ಚು ಮೆಚ್ಚಿ ಬರೆಯುವುದು ಇದನ್ನೇ. ರಹಸ್ಯ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು 1948ರ ‘ರೋಪ್’ ಚಿತ್ರವನ್ನು, ಆಗಿನ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ ಸುಮಾರು ಹತ್ತು ನಿಮಿಷದ ರೀಲಿನ ಮಿತಿಯವರೆಗೂ ಎಳೆದ ಉದ್ದುದ್ದ ಟೇಕ್‌ಗಳಲ್ಲಿ ತೆಗೆದು, ಅನೇಕ ಕಡೆ ಪಾತ್ರವೊಂದರ ಬೆನ್ನಿನ ಕತ್ತಲಲ್ಲಿ ಕತ್ತರಿಯ ಗುರುತನ್ನು ಮರೆಮಾಡಿದರು. ಮುಂದೆ ಫ್ರಾನ್ಸಿನ ನಿರ್ದೇಶಕ ತ್ರೂಫೊ ಅವರೊಂದಿಗಿನ ಸಂದರ್ಶನದಲ್ಲಿ ಸ್ವತಃ ಹಿಚ್‌ಕಾಕ್ ಅದೊಂದು ಸಾಹಸದ ಆಟವಾಗಿತ್ತೆಂದೂ, ಸಂಕಲನದಿಂದಲೇ ಕಥೆ ಹೇಳಬೇಕೆಂಬ ತಮ್ಮ ನಂಬಿಕೆಗೇ ಅದು ವಿರುದ್ಧವಾಗಿತ್ತೆಂದೂ ಒಪ್ಪಿಕೊಂಡರು. ಅಂಥವರೇ ಹಾಗೆ ಹೇಳಿರುವಾಗ ನಮ್ಮವರು ಸ್ವಲ್ಪ ತಡೆದು ಯೋಚಿಸಬಹುದು. ಕತ್ತರಿಸುವುದೆಂದರೆ ಆರಿಸುವುದು. ಈಗ ಯಾರ ಮುಖ ಮುಖ್ಯ, ಯಾವ ಮಾತಿಗೆ ಯಾರು ಬೆಚ್ಚಿದರು ಎಂದು ಆರಿಸಿ ಕೊಡುವ ಹಕ್ಕನ್ನು ಒಂದೇ ಟೇಕಿನ ಹಟಕ್ಕಾಗಿ ಬಿಟ್ಟುಕೊಟ್ಟ ನಿರ್ದೇಶಕರು, ಅದರ ಬದಲಿಗೆ ಕಥೆಗೆ ಏನನ್ನು ಗಳಿಸಿಕೊಟ್ಟರು ಎಂದು ವಿಮರ್ಶಕರು ಕೇಳುವುದೇ ಇಲ್ಲ. ‘ರೋಪ್’ನಲ್ಲಿಯಾದರೂ ಒಂದು ಗಳಿಕೆಯಿತ್ತು. ಕೊಲೆಯಾದವನ ಹೆಣ ಅದೇ ಕೋಣೆಯ ಪೆಟ್ಟಿಗೆಯಲ್ಲಿದೆ, ಅದೇ ಪೆಟ್ಟಿಗೆಯ ಮೇಲೆ ಅತಿಥಿಗಳಿಗೆ ಊಟ ಬಡಿಸಲಾಗುತ್ತಿದೆ. ಕ್ಯಾಮೆರಾ ಆ ಕೋಣೆ ಬಿಟ್ಟು ಹೋಗದಿರುವುದರಿಂದ ನಾವೂ ಹೋಗಲಾರೆವು. ನಮ್ಮ ಚಿತ್ರಗಳಲ್ಲಿ ಮದುವೆ ಮನೆಯೊಳಗೆ ಏಳು ನಿಮಿಷ ಅಡ್ಡಾಡಿ ಬರುವ ಕ್ಯಾಮೆರಾದಲ್ಲಿ ಅಂಥ ಬಿಗಿ ಎಲ್ಲಿದೆ?

ಹಾಗಾದರೆ ತಂತ್ರ ಕಥೆಗೆ ಹೆಗಲು ಕೊಡುವುದು ಹೇಗೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1977ರ ‘ಘಟಶ್ರಾದ್ಧ’ವನ್ನು ಕಥೆಗಾಗಿ ನೆನೆಯುವವರು ಅದರ ನೋಟದ ಕಟ್ಟುನಿಟ್ಟನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಯು. ಆರ್. ಅನಂತಮೂರ್ತಿ ಅವರ ಕಥೆಯನ್ನು ಗಿರೀಶ ಕಾಸರವಳ್ಳಿ ಅವರು ತೆರೆಗೆ ತಂದಾಗ, ಎಸ್. ರಾಮಚಂದ್ರ ಅವರ ಕಪ್ಪು ಬಿಳುಪಿನ ಕ್ಯಾಮೆರಾ ಬಹುಪಾಲು ಅಗ್ರಹಾರಕ್ಕೆ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಜೊತೆಗೇ ಇರುತ್ತದೆ. ವಿಧವೆ ಯಮುನಕ್ಕನಿಗೆ ಏನಾಗಿದೆ ಎಂಬುದು ಆ ಹುಡುಗನಿಗೆ ಪೂರ್ತಿ ತಿಳಿಯದು. ಬಾಗಿಲ ಸಂದಿ, ದೊಡ್ಡವರ ಪಿಸುಮಾತು, ರಾತ್ರಿಯ ಕತ್ತಲಲ್ಲಿ ಹಿಡಿದ ಕೈ ಇಷ್ಟೇ ಅವನಿಗೆ ದಕ್ಕುವುದು. ನಮಗೆ ಅವನಿಗಿಂತ ಹೆಚ್ಚು ಅರ್ಥವಾಗುತ್ತದೆ, ಆದರೆ ಅವನಿಗಿಂತ ಹೆಚ್ಚು ಕಾಣಿಸುವುದಿಲ್ಲ, ಮತ್ತು ಅರ್ಥವಾಗುವುದಕ್ಕೂ ಕಾಣಿಸುವುದಕ್ಕೂ ನಡುವಿನ ಆ ಅಂತರದಲ್ಲಿಯೇ ಚಿತ್ರದ ಸಂಕಟವೆಲ್ಲ ಇದೆ. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಹೊರಹಾಕುವ ಕ್ರೌರ್ಯವನ್ನು ತೋರಿಸಲು ಕ್ಯಾಮೆರಾ ಹಾರಬೇಕಾಗಲಿಲ್ಲ, ನಡುಗಬೇಕಾಗಲಿಲ್ಲ. ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಪ್ರಶಸ್ತಿ ಬಂದದ್ದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪ್ರಶಸ್ತಿ ಬಂದ ಎಷ್ಟೋ ಚಿತ್ರಗಳನ್ನು ನಾನು ಅರ್ಧಕ್ಕೇ ಬಿಟ್ಟು ಎದ್ದಿದ್ದೇನೆ.

ಕಲಾತ್ಮಕ ಚಿತ್ರಗಳ ಮಾತು ಬೇಡ ಎನ್ನುವವರಿಗೆ ಪುಟ್ಟಣ್ಣ ಕಣಗಾಲರು ಇದ್ದಾರೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ 1971ರ ‘ಶರಪಂಜರ’ದ ‘ಕೊಡಗಿನ ಕಾವೇರಿ’ ಹಾಡನ್ನು ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಗುನುಗುತ್ತಾರೆ. ಆದರೆ ಅದು ಬರಿಯ ಪ್ರಕೃತಿ ಸೌಂದರ್ಯದ ಹಾಡಲ್ಲ. ನಾಯಕಿಯ ಹೆಸರೇ ಕಾವೇರಿ. ಇನ್ನೂ ಯಾವ ಅನುಮಾನವೂ ತಟ್ಟದ ಅವಳ ದಾಂಪತ್ಯದ ನಲಿವು ಬಯಲಿನಲ್ಲಿ, ಬೆಟ್ಟದಲ್ಲಿ, ನೀರಿನ ಬದಿಯಲ್ಲಿ ಹರಡಿಕೊಂಡಿದೆ. ಮಾನಸಿಕ ಚಿಕಿತ್ಸೆ ಪಡೆದು ಮರಳಿದ ಮೇಲೆ ಅದೇ ಕಾವೇರಿ ಮನೆಯೊಳಗೆ ಎಲ್ಲರ ಸಂಶಯದ ನಡುವೆ ಸಿಕ್ಕಿಬೀಳುತ್ತಾಳೆ. ಮೊದಲು ಅಷ್ಟು ವಿಶಾಲವಾದ ಕೊಡಗನ್ನು ಕಂಡಿರದಿದ್ದರೆ ಆಮೇಲಿನ ಇಕ್ಕಟ್ಟು ನಮಗೆ ತಟ್ಟುತ್ತಿರಲಿಲ್ಲ. ಪುಟ್ಟಣ್ಣನವರ ಜೂಮ್‌ಗಳು ಇಂದಿನ ಕಣ್ಣಿಗೆ ಸ್ವಲ್ಪ ಅತಿಯೆನ್ನಿಸುತ್ತವೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅವು ಕಲ್ಪನಾ ಅವರ ಮುಖದ ಕಡೆಗೇ ಓಡುತ್ತವೆ. ನಮ್ಮ ಬೆಟ್ಟಗಳನ್ನು ಹುಡುಕಿಕೊಂಡು ಬರುವ ಇಂದಿನ ಚಿತ್ರತಂಡಗಳಿಗೆ ಈ ಹಾಡಿನಿಂದ ಕಲಿಯುವುದು ಬೇಕಾದಷ್ಟಿದೆ. ಮಳೆಯನ್ನು ನಿಧಾನಗತಿಯಲ್ಲಿ ತೋರಿಸಿ ಹಿನ್ನೆಲೆಗೆ ಪಿಟೀಲು ಹಾಕುವವರು ಇಲ್ಲಿ ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ ಒಂದು ವಾರ ಕರೆಂಟಿಲ್ಲದ ಮನೆಯಲ್ಲಿ ಇದ್ದು ನೋಡಿದರೆ ಮಳೆ ಕಥೆಗೆ ಇನ್ನೂ ಏನೇನು ಕೊಡಬಲ್ಲದೆಂದು ಅವರಿಗೇ ಹೊಳೆದೀತು.

ಹೊಸಬರಲ್ಲಿ ಪವನ್ ಕುಮಾರ್ ಅವರು 2013ರಲ್ಲಿ ಜನರಿಂದಲೇ ಹಣ ಕೂಡಿಸಿ ಮಾಡಿದ ‘ಲೂಸಿಯಾ’ದಲ್ಲಿ ಒಂದು ಬದುಕು ವರ್ಣದಲ್ಲಿಯೂ ಇನ್ನೊಂದು ಕಪ್ಪು ಬಿಳುಪಿನಲ್ಲಿಯೂ ಸಾಗುತ್ತದೆ. ಯಾವುದು ಕನಸು, ಯಾವುದು ಎಚ್ಚರ ಎಂಬುದೇ ಕಥೆಯಾದ್ದರಿಂದ ಆ ಬಣ್ಣಭೇದವನ್ನು ತೆಗೆದರೆ ಕಥೆಯೇ ನಿಲ್ಲದು. ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ (1987) ಒಂದೇ ಒಂದು ಸಂಭಾಷಣೆಯಿಲ್ಲ. ಆದರೂ ಬೆಂಗಳೂರಿನ ನಿರುದ್ಯೋಗಿ ಯುವಕ ಸಿರಿವಂತನೊಬ್ಬನ ಹೋಟೆಲ್ ಕೋಣೆಯಲ್ಲಿ ಸೇರಿಕೊಂಡ ಕಥೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ.

ಇನ್ನು ಕಥೆಯೇ ಬೇಡವೆಂದು ಹೊರಟ ಚಿತ್ರಗಳೂ ಇವೆ. ಅವುಗಳ ಮೇಲೆ ನನಗೆ ದೂರಿಲ್ಲ. 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರದ ಆರಂಭದಲ್ಲಿಯೇ ಝೀಗಾ ವೆರ್ತೊವ್ ಅವರು ಇಲ್ಲಿ ಕಥೆಯಿಲ್ಲ, ನಟರಿಲ್ಲ, ವಿವರಣೆಯ ಬರಹಗಳೂ ಇಲ್ಲ ಎಂದು ಘೋಷಿಸಿಬಿಟ್ಟರು. ಹಾಗೆ ಮೊದಲೇ ಹೇಳಿದವರನ್ನು ಕಥೆ ಎಲ್ಲಿ ಎಂದು ಕೇಳುವುದು ನ್ಯಾಯವಲ್ಲ. ಮಣಿ ಕೌಲ್ ಅವರ ಹಿಂದಿ ಚಿತ್ರ ‘ಉಸ್ಕಿ ರೋಟಿ’ ನನಗೆ ಬಹಳ ಕಷ್ಟವಾದ ಚಿತ್ರ. ಬಸ್ ಚಾಲಕನಾದ ಗಂಡನಿಗಾಗಿ ಬುತ್ತಿ ಹಿಡಿದು ರಸ್ತೆಯ ಬದಿಯಲ್ಲಿ ಕಾಯುವ ಹೆಣ್ಣಿನ ಕಥೆ ಅದು. ಅಲ್ಲಿನ ನಿಧಾನ ನನ್ನ ತಾಳ್ಮೆಯನ್ನು ಪರೀಕ್ಷಿಸಿತು ನಿಜ, ಆದರೆ ಅದು ಅವಳ ಕಾಯುವಿಕೆಯ ನಿಧಾನವೇ ಆಗಿತ್ತು. ಬೇಸರ ಬಂದಷ್ಟಕ್ಕೇ ಚಿತ್ರವನ್ನು ದೂರಲು ಬರುವುದಿಲ್ಲ. ನನ್ನ ದೂರಿರುವುದು ಕೊಲೆಯ ರಹಸ್ಯವೆಂದು ಪೋಸ್ಟರ್ ಅಂಟಿಸಿ, ಟ್ರೈಲರಿನಲ್ಲಿ ಕೊಲೆಗಾರ ಯಾರೆಂದು ಕೆಣಕಿ, ಒಳಗೆ ಕೂರಿಸಿದ ಮೇಲೆ ಕಥೆ ಕೇಳಬಾರದು ಎನ್ನುವವರ ಮೇಲೆ.

ಕಟ್ಟುನಿಟ್ಟಾದ ರೂಪವೆಂದರೆ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ದುಡಿ ಬಾರಿಸುತ್ತ ಹಾಡುವ ಕೊಡವರ ಬಾಳೋಪಾಟ್‌ನಲ್ಲಿ ಲಯ, ಸಾಲುಗಳ ಪುನರಾವರ್ತನೆ, ತಲೆಮಾರುಗಳಿಂದ ಬಂದ ಸಿದ್ಧ ವರ್ಣನೆಗಳು ಎಲ್ಲವೂ ಇವೆ. ನಾಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಕೊಡವ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯನ್ನು ತೆರೆದರೆ ಆ ಕಟ್ಟಿನ ಬಿಗಿ ಯಾರಿಗಾದರೂ ಕಾಣುತ್ತದೆ. ಆದರೆ ಕುಳಿತು ಕೇಳುವವರು ಕೊನೆಗೆ ಹಾಡಿನ ನಾಯಕ ಯಾರು, ಏನು ಮಾಡಿದ, ಹೇಗೆ ಸತ್ತ ಎಂಬುದನ್ನು ತಿಳಿದೇ ಏಳುತ್ತಾರೆ. ಇಂಥ ಪರಂಪರೆಯ ನಡುವೆ ಬೆಳೆದ ಕೇಳುಗರಿಗೆ ರೂಪದ ಸೂಕ್ಷ್ಮ ತಿಳಿಯದು ಎಂದು ಬೆಂಗಳೂರಿನಲ್ಲಿ ಕುಳಿತು ಬರೆಯುವುದು ಉದ್ಧಟತನ.

ಇನ್ನೊಂದು ವಿಷಯ ತಾಂತ್ರಿಕವಾದದ್ದು, ಆದರೆ ಸಣ್ಣ ಊರಿನ ನಮಗೆ ಬಹಳ ಮುಖ್ಯವಾದದ್ದು. ಚಿತ್ರೀಕರಣದ ಸ್ಥಳದಲ್ಲಿಯೇ ಮಾತನ್ನು ದಾಖಲಿಸುವ ಸಿಂಕ್ ಸೌಂಡ್ ಪದ್ಧತಿಯನ್ನು ಪ್ರಯೋಗಶೀಲ ನಿರ್ದೇಶಕರು ಈಗ ಹೆಚ್ಚಾಗಿ ಬಳಸುತ್ತಿದ್ದಾರೆ. ಡಬ್ಬಿಂಗಿನ ಕೃತಕತೆಗಿಂತ ಅದು ಎಷ್ಟೋ ಮೇಲು. ಆದರೆ ಪಿಸುಮಾತು, ಗಾಳಿ, ಜೀರುಂಡೆ, ಮಳೆ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದು ಬೆರೆಸಿದ ಧ್ವನಿ, ಸುಸಜ್ಜಿತ ಸ್ಟುಡಿಯೋದಲ್ಲಿಯೋ ಚಿತ್ರೋತ್ಸವದ ಸಭಾಂಗಣದಲ್ಲಿಯೋ ಕೇಳಿಸುವಂತೆ ನಮ್ಮ ಹಳೆಯ ಚಿತ್ರಮಂದಿರಗಳಲ್ಲಿ ಕೇಳಿಸುವುದಿಲ್ಲ. ತಗಡಿನ ಚಾವಣಿಯ ಮೇಲೆ ನಿಜವಾದ ಮಳೆಯೇ ಸುರಿಯುತ್ತಿರುವಾಗ ತೆರೆಯ ಮೇಲಿನ ಮಳೆಯನ್ನೂ ಸೇರಿಸಿಕೊಂಡರೆ ಸಂಭಾಷಣೆ ಕೇಳುವ ಮಾತೇ ಇಲ್ಲ. ಮನೆಯಲ್ಲಿ ಟಿವಿಯಲ್ಲೋ ಮೊಬೈಲಿನಲ್ಲೋ ನೋಡುವವರ ಪಾಡೂ ಇದೇ: ಐದಾರು ದಿಕ್ಕಿನಿಂದ ಬರಬೇಕೆಂದು ಹಂಚಿಟ್ಟ ಧ್ವನಿಯನ್ನು ಎರಡು ಪುಟ್ಟ ಸ್ಪೀಕರ್‌ಗಳಿಗೆ ಇಳಿಸಿದಾಗ, ನಡುವಿನ ಸ್ಪೀಕರಿಗೆಂದು ಮೀಸಲಿದ್ದ ಮಾತು ಉಳಿದ ಸದ್ದುಗಳಡಿ ಹೂತುಹೋಗುತ್ತದೆ. ಕತ್ತಲ ದೃಶ್ಯಗಳ ಕಥೆಯೂ ಅಷ್ಟೇ. ಒಂದು ದೀಪದ ಬೆಳಕಿನಲ್ಲಿಯೂ ಚಿತ್ರ ತೆಗೆಯಬಲ್ಲ ಡಿಜಿಟಲ್ ಕ್ಯಾಮೆರಾಗಳು ಬಂದಿವೆ, ಆದರೆ ಕತ್ತಲೆಯ ಕೋಣೆಯಲ್ಲಿ ಕುಳಿತು ಹದಗೊಳಿಸಿದ ಆ ಬಣ್ಣ ಬಸ್ಸಿನ ಕಿಟಕಿಯ ಪಕ್ಕ ಮೊಬೈಲ್ ಹಿಡಿದವರಿಗೆ ಬರೀ ಕಪ್ಪಾಗಿ ಕಾಣುತ್ತದೆ. ಕೊಲೆಗಾರ ಬಾಗಿಲು ತೆರೆದದ್ದು ಕಾಣದ ಮೇಲೆ, ಅವನ ಹೆಸರು ಹೇಳಿದ ಪಿಸುಮಾತು ಕೇಳಿಸದ ಮೇಲೆ, ಕಥೆ ಅರ್ಥವಾಗಲಿಲ್ಲ ಎಂದ ಪ್ರೇಕ್ಷಕರ ಬುದ್ಧಿಮಟ್ಟವನ್ನು ಅಳೆಯುವುದು ಸರಿಯೇ?

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಮ್ಮ ಪತ್ರಿಕೆಯ ವಿಮರ್ಶೆಗಳಲ್ಲಿ ಛಾಯಾಗ್ರಹಣ ಸೊಗಸಾಗಿದೆ, ಪ್ರಯೋಗ ಶ್ಲಾಘನೀಯ ಎಂಬ ಸಿದ್ಧ ವಾಕ್ಯಗಳಿಗೆ ಬದಲಾಗಿ, ಮೆಚ್ಚಿದ ತಂತ್ರ ಯಾವ ದೃಶ್ಯದಲ್ಲಿ, ಯಾವ ಪಾತ್ರದ ಕಾರಣಕ್ಕೆ ಬಂದಿದೆ ಎಂಬುದನ್ನು ಒಂದೆರಡು ಸಾಲಿನಲ್ಲಿಯಾದರೂ ಬರೆಸಿ. ವಿಮರ್ಶಕರು ಚಿತ್ರವನ್ನು ಚಿತ್ರೋತ್ಸವದಲ್ಲಿ ನೋಡಿದರೋ, ಮಲ್ಟಿಪ್ಲೆಕ್ಸಿನಲ್ಲಿ ನೋಡಿದರೋ, ಲ್ಯಾಪ್‌ಟಾಪಿನಲ್ಲಿ ನೋಡಿದರೋ ಎಂಬುದೂ ಅಲ್ಲಿ ಇರಲಿ. ಸಾಧ್ಯವಾದರೆ ಆಗೊಮ್ಮೆ ಈಗೊಮ್ಮೆ ಮಡಿಕೇರಿಯಲ್ಲಿಯೋ ಬೇರೊಂದು ಜಿಲ್ಲಾ ಕೇಂದ್ರದಲ್ಲಿಯೋ ಸಾಮಾನ್ಯ ಟಿಕೆಟ್ ಕೊಂಡು, ಜನರ ನಡುವೆ ಕುಳಿತು ನೋಡಿ ಬರೆಯುವಂತೆ ಅವರಿಗೆ ತಿಳಿಸಿ. ಮಳೆಗಾಲದಲ್ಲಿ ಬಂದರೆ ಇನ್ನೂ ಒಳ್ಳೆಯದು. ಮಾತು ಕೇಳಿಸಿತೇ, ಕತ್ತಲಲ್ಲಿ ಮುಖ ಕಂಡಿತೇ, ಎಲ್ಲಿ ಜನ ಮೊಬೈಲ್ ತೆಗೆದರು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆದ ವಿಮರ್ಶೆಯೊಂದು ತಮ್ಮ ಪುರವಣಿಯಲ್ಲಿ ಬಂದರೆ, ಚಿತ್ರ ಕಠಿಣವಾಗಿದೆ ಎಂದು ಅದರಲ್ಲಿ ಹೇಳಿದ್ದರೂ ನಾನು ಹೋಗಿ ನೋಡಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಓರ್ವ ಚಿತ್ರಾಸಕ್ತ ಓದುಗ
ವಿರಾಜಪೇಟೆ, ಕೊಡಗು ಜಿಲ್ಲೆ